ಸುತ್ತಿಗೆ ಮಾವ ಮಸಿ ಎಂದುಕೊಂಡದ್ದು

ನಮ್ಮ ಬೀದಿಯ ಗುಜರಿ ಅಂಗಡಿಯವರನ್ನು ಎಲ್ಲರೂ ಸುತ್ತಿಗೆ ಮಾವ ಎನ್ನುತ್ತಾರೆ. ಹಳೆಯ ಫೋನು, ಲ್ಯಾಪ್‌ಟಾಪು, ಕರೆಂಟಿನ ಸ್ಕೂಟರು, ಯಾವುದರ ಬ್ಯಾಟರಿ ಕೈಗೆ ಸಿಕ್ಕರೂ ಕಲ್ಲಿನ ಮೇಲಿಟ್ಟು ಬಡಿಯುವುದೇ ಅವರ ಕೆಲಸ. ಒಳಗಿನ ಸುರುಳಿ ಬಿಚ್ಚಿ ತಾಮ್ರದ ಹಾಳೆ ಒಂದು ಕಡೆ, ಅಲ್ಯೂಮಿನಿಯಂ ಹಾಳೆ ಇನ್ನೊಂದು ಕಡೆ. ಹಾಳೆಗೆ ಮೆತ್ತಿದ ಕಪ್ಪು ಪುಡಿಯನ್ನು ಕೊಡವಿ, ಒಂದು ಬಕೆಟ್ ನೀರು ಹೊಯ್ದು ಚರಂಡಿಗೆ ತಳ್ಳುವುದು. ಕೇಳಿದರೆ, ಅದು ಬರೀ ಮಸಿ ಎನ್ನುತ್ತಿದ್ದರು. ಆ ಚರಂಡಿ ಹರಿಯುವುದು ನಮ್ಮೆಲ್ಲರ ಮನೆ ಮುಂದೆ. ಎಷ್ಟು ಬೈದರೂ ಆ ಸುತ್ತಿಗೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಹೋದ ಗುರುವಾರ ಉಬ್ಬಿದ ಬ್ಯಾಟರಿಯೊಂದಕ್ಕೆ ಏಟು ಬಿದ್ದದ್ದೇ ತಡ, ಬುಸ್ಸೆಂದು ಬೆಂಕಿ ಎದ್ದು ಮಾವನ ಅರ್ಧ ಮೀಸೆ ಹೋಯಿತು. ಬೀದಿ ಬಿದ್ದು ಬಿದ್ದು ನಕ್ಕಿತು. ಮಾವನ ಹೆಂಡತಿ, ನಮ್ಮೆಲ್ಲರ ಅತ್ತೆ, ನಗಲಿಲ್ಲ. ಅಂಗಡಿಯ ಗೋಡೆಯಾಚೆಗೇ ಮಗಳ ಮೂರು ತಿಂಗಳ ಕೂಸಿನ ತೊಟ್ಟಿಲು. ಹೊಗೆ ನುಗ್ಗಿ ಕೂಸು ಕೆಮ್ಮಿ ಕೆಮ್ಮಿ ಕೆಂಪಾಗಿತ್ತು. ಅತ್ತೆ ಎರಡು ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟರು.

"ಈ ಮನೇಲಿ ಸುತ್ತಿಗೆ ಇರ್ಬೇಕು, ಇಲ್ಲ ನಾವು ಮೂರು ಜನ ಇರ್ಬೇಕು. ಭಾನುವಾರದೊಳಗೆ ಹೇಳಿ."

ಹೊಟ್ಟೆಪಾಡು ಬಿಡುವುದು ಹೇಗೆ ಎಂದು ಮಾವ ಗೊಣಗಿದರು. ಎಲ್ಲರೂ ಹೀಗೇ ಒಡೆಯುತ್ತಾರಂತೆ.

ಮರುದಿನ ಅತ್ತೆಯ ಅಣ್ಣನ ಮಗಳು ಬಂದಳು. ಅವಳು ಹಳೆಯ ಬ್ಯಾಟರಿಗಳಿಂದ ಲೋಹ ತೆಗೆಯುವ ಕಾರ್ಖಾನೆಯಲ್ಲಿ ದುಡಿಯುವವಳು. ಚರಂಡಿಯ ಅಂಚಿನಲ್ಲಿ ಒಣಗಿದ ಕಪ್ಪು ನೋಡಿ ತಲೆ ಚಚ್ಚಿಕೊಂಡಳು.

"ಮಾವ, ಹಣ್ಣು ಬಿಸಾಕಿ ಸಿಪ್ಪೆ ಕಟ್ಟಿ ಇಟ್ಕೊಂಡಿದ್ದೀರಲ್ಲ."

ಅಲ್ಯೂಮಿನಿಯಂ ಹಾಳೆಗೆ ಬಳಿದಿರುವ ಪುಡಿಗೆ ಕ್ಯಾಥೋಡ್ ಎಂದು ಹೆಸರು. ಅದರಲ್ಲಿ ಲಿಥಿಯಂ ಇರುತ್ತದೆ. ಎಷ್ಟೋ ಬ್ಯಾಟರಿಗಳಲ್ಲಿ ನಿಕಲ್, ಕೋಬಾಲ್ಟ್ ಕೂಡ. ಚರಂಡಿಗೆ ಹೋದರೆ ವಿಷ, ಕಾರ್ಖಾನೆಗೆ ಬಂದರೆ ಮತ್ತೊಂದು ಬ್ಯಾಟರಿ. ಹೀಗೆಂದು ಅವಳು ಬಿಡಿಸಿ ಹೇಳಿದಳು. ಮಾವ ಉಳಿದ ಅರ್ಧ ಮೀಸೆ ತಿರುವಿದರು.

"ಮಸಿಯಲ್ಲಿ ಬ್ಯಾಟರಿ ಮಾಡ್ತಾರಂತೆ. ಬೂದಿಯಲ್ಲಿ ಸೌದೆ ಯಾವಾಗ ಮಾಡ್ತೀಯಮ್ಮ?"

ಅವಳು ವಾದ ಮಾಡಲಿಲ್ಲ. ಶನಿವಾರ ಮಾವನನ್ನು ಕಾರ್ಖಾನೆಗೇ ಕರೆದೊಯ್ದಳು. ಅಲ್ಲಿ ಬ್ಯಾಟರಿಯ ಚಾರ್ಜ್ ಪೂರಾ ಇಳಿಸಿ, ಬಾಯಿ ಮುಚ್ಚಿದ ಯಂತ್ರದಲ್ಲಿ ನುರಿಸುತ್ತಾರೆ. ಕಪ್ಪು ಪುಡಿಯನ್ನು ಜರಡಿ ಹಿಡಿದು, ಆಮ್ಲದಲ್ಲಿ ಕರಗಿಸಿ, ಒಂದೊಂದೇ ಲೋಹ ಬೇರ್ಪಡಿಸುತ್ತಾರೆ. ಆ ಲೋಹಗಳಿಂದಲೇ ಹೊಸ ಕ್ಯಾಥೋಡ್ ಪುಡಿ. ಮಾವನಿಗೆ ಇದೆಲ್ಲ ಅಷ್ಟಕ್ಕಷ್ಟೇ ಅರ್ಥವಾಯಿತು. ಆದರೆ ಒಂದು ಚಿಟಿಕೆ ಪುಡಿ ನೆಲಕ್ಕೆ ಚೆಲ್ಲಿದಾಗ, ಮುಖಕವಚ ತೊಟ್ಟ ಕೆಲಸಗಾರ ಮಂಡಿಯೂರಿ ಅದಷ್ಟನ್ನೂ ಎತ್ತಿ ಡ್ರಮ್ಮಿಗೆ ಹಾಕಿದ. ಮಾವ ಅದನ್ನೇ ನೋಡುತ್ತ ನಿಂತುಬಿಟ್ಟರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಾವ ಅವಳ ಕಡೆ ತಿರುಗಿದರು.

"ಮೂರು ವರ್ಷ ಚರಂಡಿಗೆ ಊಟ ಹಾಕಿದೆನಲ್ಲೇ. ಇನ್ನು ಒಡೆದು ಪುಡಿ ತಂದುಕೊಡ್ಲಾ?"

"ಉಳಿದ ಅರ್ಧ ಮೀಸೆ ಬೇಡ್ವಾ ಮಾವ? ಇಡೀ ಬ್ಯಾಟರಿ ಕೊಡಿ. ಒಡೆಯೋದು ಯಂತ್ರದ ಕೆಲಸ. ತಾಮ್ರದ ಜೊತೆ ಪುಡಿಗೂ ಬೆಲೆ ಸಿಗುತ್ತೆ."

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಮತ್ತೆ ಸುತ್ತಿಗೆಯ ಸದ್ದು. ಅತ್ತೆ ಚೀಲ ಎತ್ತಿಕೊಂಡೇ ಹೊರಗೆ ಬಂದರು. ಮಾವ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದರು: "ಇಲ್ಲಿ ಬ್ಯಾಟರಿ ಒಡೆಯುವುದಿಲ್ಲ. ಇಡಿಯಾಗಿ ತನ್ನಿ." ಮನೆಯ ಗೋಡೆಯಿಂದ ದೂರ, ಅಂಗಳದ ತುದಿಯಲ್ಲಿ, ಬಂದ ಬ್ಯಾಟರಿ ಇಡಲು ಒಣ ಮರಳು ತುಂಬಿದ ತಗಡಿನ ಡಬ್ಬ. ಕೊನೆಯ ಮೊಳೆ ಇಳಿಸಿ, ಸುತ್ತಿಗೆಯನ್ನು ಅತ್ತೆಯ ಕೈಗಿಟ್ಟು, ಮಾವ ಒಳಗೆ ಹೋಗಿ ಉಳಿದ ಮೀಸೆಯನ್ನೂ ಬೋಳಿಸಿಕೊಂಡು ಬಂದರು. ಕೂಸು ಆ ಹೊಸ ಮುಖವನ್ನು ಪಿಳಿಪಿಳಿ ನೋಡಿ, ಕಿಲಕಿಲ ನಕ್ಕಿತು. ಅತ್ತೆಗೂ ನಗು ತಡೆಯಲಾಗಲಿಲ್ಲ. ಚೀಲಗಳು ಒಳಗೆ ಹೋದವು.

ಈಗ ನಿಮ್ಮ ಮನೆಯ ಡ್ರಾಯರ್ ಎಳೆಯಿರಿ. ಸತ್ತ ಫೋನು ಅಲ್ಲೇ ಬಿದ್ದಿದೆ, ನನಗೆ ಗೊತ್ತು. ಬ್ಯಾಟರಿಯನ್ನು ಒಡೆಯಬೇಡಿ, ಚುಚ್ಚಬೇಡಿ, ಸುಡಬೇಡಿ. ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ. ಫೋನನ್ನು ಹಾಗೇ, ಬಿಡಿ ಬ್ಯಾಟರಿಯಾದರೆ ತುದಿಗಳಿಗೆ ಟೇಪು ಸುತ್ತಿ, ಬ್ಯಾಟರಿ ಸಂಗ್ರಹಿಸುವ ಕೇಂದ್ರಕ್ಕೆ ಕೊಡಿ. ಕಸದ ಬುಟ್ಟಿಗಂತೂ ಎಸೆಯಲೇಬೇಡಿ, ಗಾಡಿಯಲ್ಲಿ ನುರಿದರೆ ಅಲ್ಲೂ ಬೆಂಕಿ ಏಳುತ್ತದೆ. ಕಸದ ಗಾಡಿಯವರ ಮನೆಯಲ್ಲೂ ತೊಟ್ಟಿಲು ತೂಗುತ್ತಿರುತ್ತದೆ.