ಟಕ್ ಎಂದು ಕೂತ ಮೊಣಕೈ

ನಮ್ಮದು ಕ್ಷೌರದಂಗಡಿ. ಎರಡು ಕುರ್ಚಿ. ಒಂದರ ಹಿಂದೆ ನನ್ನ ಗಂಡ ನಿಲ್ಲುತ್ತಿದ್ದರು, ಇನ್ನೊಂದರ ಹಿಂದೆ ಅವರ ಅಣ್ಣ, ಅಂದರೆ ನನ್ನ ಭಾವ. ಕೂದಲು ಕತ್ತರಿಸಿದ ಮೇಲೆ ಗಿರಾಕಿಯ ಕತ್ತು ತಿರುಗಿಸಿ, ಬೆರಳು ಎಳೆದು, ಲಟಲಟ ಎನ್ನಿಸಿ ಕಳಿಸುವುದು ಭಾವನ ಪದ್ಧತಿ. ಅದಕ್ಕೆಂದೇ ಬರುವವರೂ ಇದ್ದರು. ಅವರೆಲ್ಲ ಹೊಗಳಿ ಹೊಗಳಿ ಭಾವನನ್ನು ಅಟ್ಟಕ್ಕೇರಿಸಿದ್ದರು. ಮೂಳೆಯ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ಭಾವನೂ ನಂಬಿಬಿಟ್ಟಿದ್ದರು.

ಒಂದು ದಿನ ನನ್ನ ಗಂಡ ಸ್ಟೂಲಿನ ಮೇಲೆ ನಿಂತು ಕನ್ನಡಿ ಒರೆಸುತ್ತಿದ್ದರು. ಇಳಿಯುವಾಗ ಸೋಪಿನ ನೀರಿನ ಮೇಲೆ ಕಾಲಿಟ್ಟು ಜಾರಿದರು. ಬೀಳುವಾಗ ಬಲಗೈ ಊರಿದರು. ಎತ್ತಿ ಕೂರಿಸಿದಾಗ ಮೊಣಕೈ ಹಿಂದಕ್ಕೆ ಉಬ್ಬಿ, ಮುಂಗೈ ಸೊಟ್ಟಗೆ ಜೋಲುತ್ತಿತ್ತು. ಊಟದ ಡಬ್ಬಿ ಕೊಡಲು ಬಂದಿದ್ದ ನಾನು ಗಾಡಿ ಕರೆಯಲು ಓಡಿದೆ. ತರುವಷ್ಟರಲ್ಲಿ ಭಾವ ಕೈ ಹಿಡಿದು ಎಳೆದಾಗಿತ್ತು. ಟಕ್ ಎಂದಿತಂತೆ. ಗಿರಾಕಿಗಳು ಚಪ್ಪಾಳೆ ತಟ್ಟಿದರಂತೆ. ಗಾಡಿಯವನನ್ನು ವಾಪಸು ಕಳಿಸಿದರು.

ಕ್ಷೌರಿಕನಿಗೆ ಬಲಮೊಣಕೈ ಎಂದರೆ ಸಾಮಾನ್ಯವಲ್ಲ. ಕತ್ತರಿ ಆಡಿಸುವುದು ಬೆರಳಾದರೂ, ಅದನ್ನು ತಲೆಯ ಮಟ್ಟಕ್ಕೆ ತಂದು ನಿಲ್ಲಿಸುವುದು ಮೊಣಕೈ. ಅದು ಮಡಚದಿದ್ದರೆ ಕಸುಬೇ ಇಲ್ಲ. ಇವರಿಗೆ ಬರುವುದು ಅದೊಂದೇ ಕಸುಬು.

ಅಂಗಡಿಯ ಮೇಲಿನ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಾರೆ. ಸಂಜೆ ಅವರು ಇಳಿದು ಬಂದು ಕೈ ನೋಡಿದರು. ಮೊಣಕೈ ಊದಿ ಮಿರಿಮಿರಿ ಮಿನುಗುತ್ತಿತ್ತು.

“ಕೂತಿದೆ ಅನ್ನೋದು ಹೊರಗಿನ ಮಾತು,” ಎಂದರು. “ಒಳಗೆ ಮೂಳೆ ಒಡೆದಿದ್ರೆ, ಕೀಲು ಕಟ್ಟಿರೋ ನಾರು ಹರಿದಿದ್ರೆ, ಅದು ಮತ್ತೆ ಜಾರುತ್ತೆ. ಎಕ್ಸ್-ರೇ ತೆಗಿಸದೆ ಯಾರಿಗೂ ಗೊತ್ತಾಗಲ್ಲ. ಈಗಲೇ ನಡೀರಿ.”

ಭಾವ ನಕ್ಕರು. “ನಿಮ್ಮ ಡಾಕ್ಟರ ಕೈಲಿ ಕತ್ತರಿ ಇದೆ, ಕೊಯ್ಯೋಣ ಅಂತಾರೆ. ನಮ್ಮ ಕೈಲೂ ಕತ್ತರಿ ಇದೆ ತಾಯಿ, ನಾವು ಕೂದಲಿಗೆ ನಿಲ್ಲಿಸ್ತೀವಿ.”

ಎಲ್ಲರೂ ನಕ್ಕರು. ಇವರೂ ಹಲ್ಲು ಕಚ್ಚಿಕೊಂಡೇ ನಕ್ಕರು, ಅಣ್ಣನ ಮಾತಿಗೆ ಎದುರಾಡಿದವರಲ್ಲ. ನಾನು ಎರಡು ಮಾತು ಹೇಳಿದೆ. ಹೆಂಗಸಿಗೆ ಗಾಬರಿ ಜಾಸ್ತಿ ಎಂದು ನನ್ನ ಬಾಯಿ ಮುಚ್ಚಿಸಿದರು.

ಆಮೇಲೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ತಿಕ್ಕುವುದು ಶುರುವಾಯಿತು. ಬಾಗಿಲ ಚಿಲಕ ತೆಗೆಯುವಾಗ, ಕುರ್ಚಿಗೆ ಕೈಯೂರಿ ಏಳುವಾಗ ಮೊಣಕೈ ಜಾರಿ ಹೊರಗೆ ಬರುತ್ತಿತ್ತು. ಭಾವ ಓಡಿ ಬಂದು ಮತ್ತೆ ಟಕ್ ಎನ್ನಿಸುತ್ತಿದ್ದರು. ಅದು ಗುಣವಾಗುವ ಲಕ್ಷಣವಂತೆ. ಕೈ ನೆಟ್ಟಗಾಗಲಿ ಎಂದು ನೀರು ತುಂಬಿದ ಬಕೆಟ್ಟನ್ನು ಆ ಕೈಯಲ್ಲೇ ಹಿಡಿಸಿದರು. ಇವರ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ ಭಾವ ಪಕ್ಕದಲ್ಲಿ ನಿಂತು ಶಭಾಷ್ ಎನ್ನುತ್ತಿದ್ದರು.

ಕೆಲವು ತಿಂಗಳಿಗೆ ಜಾರುವುದು ನಿಂತಿತು. ಈಗ ಗಟ್ಟಿಯಾಯಿತು ಎಂದು ಮನೆಯವರೆಲ್ಲ ಹಿಗ್ಗಿದೆವು. ಗಟ್ಟಿಯೇನೋ ಆಗಿತ್ತು. ಮಡಚಲೂ ಬಾರದು, ಚಾಚಲೂ ಬಾರದು. ಕಿರುಬೆರಳು ಜೋಮು ಹಿಡಿದು, ಸುಮ್ಮನೆ ಹಿಡಿದ ಕತ್ತರಿಯೂ ಕೆಳಗೆ ಬೀಳತೊಡಗಿದಾಗ ನಾನು ಯಾರನ್ನೂ ಕೇಳಲಿಲ್ಲ. ನರ್ಸಮ್ಮನನ್ನು ಜೊತೆಗೆ ಕರೆದುಕೊಂಡು ಇವರನ್ನು ಆಸ್ಪತ್ರೆಗೆ ಎಳೆದೊಯ್ದೆ.

ಡಾಕ್ಟರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೊಣಕೈಯೊಳಗೆ ಎರಡು ಕಡೆ ಮುರಿದ ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತ್ತು. ಸುತ್ತಲೂ ಬೇಡದ ಮೂಳೆ ಬೆಳೆದಿತ್ತು. ಗಾಯವಾದ ಕೀಲನ್ನು ತಿಕ್ಕಿ ಎಳೆದು ಹಿಂಸೆ ಮಾಡಿದರೆ ಹೀಗೆ ಬೆಳೆಯುವ ಅಪಾಯ ಹೆಚ್ಚಂತೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಆ ವಾರವೇ ಬಂದಿದ್ರೆ ಮೂಳೆಗೆ ಸ್ಕ್ರೂ ಹಾಕಿ, ನಾರು ಹೊಲಿದು ಕೀಲು ನಿಲ್ಲಿಸ್ತಿದ್ವಿ,” ಎಂದರು. “ಈಗಲೂ ಆಪರೇಷನ್ ಮಾಡ್ತೀವಿ. ಆದ್ರೆ ಮೊದಲಿನ ಕೈ ಕೊಡ್ತೀವಿ ಅಂತ ಮಾತು ಕೊಡಕ್ಕಾಗಲ್ಲ.”

ಆಪರೇಷನ್ ಆಯಿತು. ಕಿರುಬೆರಳಿನ ಜೋಮು ಹೋಯಿತು, ನೋವು ತಗ್ಗಿತು, ಕೈ ಸ್ವಲ್ಪ ಆಡಿತು. ಆ ಸ್ವಲ್ಪ ಎಷ್ಟೆಂದರೆ, ಕೈ ತಟ್ಟೆಯವರೆಗೆ ಹೋಗುತ್ತದೆ, ಬಾಯಿಯವರೆಗೆ ಬರುವುದಿಲ್ಲ. ಇವರು ಎಡಗೈಯಲ್ಲಿ ಉಣ್ಣುವುದನ್ನು ಕಲಿತರು. ಎಡಗೈಯಲ್ಲಿ ಕ್ಷೌರ ಮಾಡುವುದನ್ನು ಕಲಿಯಲಾಗಲಿಲ್ಲ. ಈಗ ಅಂಗಡಿಯಲ್ಲಿ ಟವೆಲ್ ಒಣಗಿಸುತ್ತಾರೆ, ನೆಲ ಗುಡಿಸುತ್ತಾರೆ.

ಮರುವರ್ಷ ಭಾವ ಅಂಗಡಿಯ ಮುಂದೆಯೇ ಸ್ಕೂಟರಿನಿಂದ ಬಿದ್ದರು. ಅದೇ ಬಲಗೈ, ಅದೇ ಮೊಣಕೈ. ಅವರ ಹಳೆಯ ಗಿರಾಕಿಯೊಬ್ಬ, ಅವರಿಂದಲೇ ಲಟಲಟ ಕಲಿತವನು, ಎಳೆದು ಕೂರಿಸುತ್ತೇನೆ ಎಂದು ಮುಂದೆ ಬಂದ. ಭಾವ ಕೈಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದರು.

“ಯಾರೂ ಮುಟ್ಟಬೇಡಿ. ಆಸ್ಪತ್ರೆಗೆ ನಡೀರಿ.”

ನನಗೆ ಕನಿಕರ ಬರಲಿಲ್ಲ, ಸಿಟ್ಟು ನೆತ್ತಿಗೇರಿತು. ಆದರೂ ನಾನೇ ಅವರ ಬೆರಳಿನ ಉಂಗುರ ಕಳಚಿ, ಕೈ ಇದ್ದ ಹಾಗೆಯೇ ಇರಲಿ ಎಂದು ಕೆಳಗೊಂದು ರಟ್ಟು ಕೊಟ್ಟು, ದುಪ್ಪಟ್ಟಾದಲ್ಲಿ ಕಟ್ಟಿ ಗಾಡಿ ಹತ್ತಿಸಿದೆ. ಅಂದೇ ಎಕ್ಸ್-ರೇ, ಆ ವಾರವೇ ಆಪರೇಷನ್. ಹೊಲಿಗೆ ಮಾಸುವ ಮೊದಲೇ ವ್ಯಾಯಾಮ ಹೇಳಿಕೊಡುವಾಕೆ ಬಂದು ನಿಧಾನವಾಗಿ ಮಡಚಿಸಿ ಚಾಚಿಸತೊಡಗಿದಳು. ಪೂರ್ತಿ ಚಾಚುವಾಗ ಒಂದಿಷ್ಟು ಕಡಿಮೆ ಬೀಳುತ್ತದೆ, ಅಷ್ಟೇ. ಕತ್ತರಿ ಮತ್ತೆ ತಲೆಯ ಮಟ್ಟಕ್ಕೆ ಬಂತು.

ಮತ್ತೆ ಅಂಗಡಿ ತೆರೆದ ದಿನ ಭಾವ ಆ ತಿಕ್ಕುವ ಎಣ್ಣೆಯ ಬಾಟಲಿಯನ್ನು ಮೋರಿಗೆ ಸುರಿದರು. ಆಮೇಲೆ ಇವರನ್ನು ಕುರ್ಚಿಯಲ್ಲಿ ಕೂರಿಸಿ, ಗಡ್ಡಕ್ಕೆ ಸೋಪು ಹಚ್ಚಿದರು. ಇವರಿಗೆ ತಮ್ಮ ಗಡ್ಡ ತಾವು ಹೆರೆದುಕೊಳ್ಳಲೂ ಆಗುವುದಿಲ್ಲವಲ್ಲ. ಕನ್ನಡಿಯಲ್ಲಿ ಅಣ್ಣನ ಮೊಣಕೈ ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಾ ಇವರು ಕೇಳಿದರು.

“ಅಣ್ಣಾ, ನಿನ್ನ ಕೈ ಎಳೆಯೋಕೆ ಬಂದಾಗ ಯಾಕೆ ಬೇಡ ಅಂದೆ?”

ಭಾವನ ಕೈ ನಿಂತಿತು. “ನಿನ್ನ ಕೈ ನೋಡಿದ್ನಲ್ಲಪ್ಪಾ,” ಎಂದರು.

ಓದುತ್ತಿರುವವರೇ, ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಬಿದ್ದು ಮೊಣಕೈ ಊದಿದರೆ, ಆಕಾರ ಕೆಟ್ಟರೆ, ಮಡಚಲಾಗದಿದ್ದರೆ ಯಾರೂ ಎಳೆಯಲು ಬಿಡಬೇಡಿ, ತಿಕ್ಕಲು ಬಿಡಬೇಡಿ. ಕೂತಿತು ಎಂದರೂ ಎಕ್ಸ್-ರೇ ತೆಗೆಸಿ. ಬಳೆ, ಉಂಗುರ ಕಳಚಿ, ಕೈ ಇದ್ದ ಹಾಗೇ ಕಟ್ಟಿ ಅಂದೇ ಹೊರಡಿ. ಬೆರಳು ತಣ್ಣಗಾದರೆ, ಬಣ್ಣಗೆಟ್ಟರೆ, ಜೋಮು ಹಿಡಿದರೆ ಒಂದು ಗಳಿಗೆಯೂ ಕಾಯಬೇಡಿ. ಎಲ್ಲ ಮುರಿತಕ್ಕೂ ಆಪರೇಷನ್ ಬೇಕಿಲ್ಲ, ಬೇಕೋ ಬೇಡವೋ ಎಂದು ಡಾಕ್ಟರು ನೋಡಿ ಹೇಳಲಿ. ಬೇಕು ಎಂದರೆ ಹೆದರಿ ಮುಂದೂಡಬೇಡಿ. ಆಮೇಲೆ ಅವರು ಹೇಳಿದ ವ್ಯಾಯಾಮವನ್ನು ಹೇಳಿದಷ್ಟೇ ಮಾಡಿ.

ನನ್ನ ಭಾವನಿಗೆ ಬುದ್ಧಿ ಕಲಿಯಲು ನನ್ನ ಗಂಡನ ಕೈ ಬೇಕಾಯಿತು. ನಿಮಗೂ ಅದೇ ಕೈ ಸಾಕಾಗಲಿ, ನಿಮ್ಮ ಮನೆಯಲ್ಲಿ ಇನ್ನೊಂದು ಬೇಡ.