ಅವರೆ ಎಂದು ಸಾಕಿದ ಬಳ್ಳಿ

ನಾನು ಒಂದು ನಸುಗುನ್ನಿ ಬಳ್ಳಿ. ಹೆಸರು ಕೇಳಿಯೇ ಮೈ ಕೆರೆದುಕೊಂಡಿರಿ, ಗೊತ್ತು. ಬೇಸರವಿಲ್ಲ, ಅಭ್ಯಾಸವಾಗಿದೆ. ಬಂಡೆಗುಡ್ಡದ ಕೆಳಗೆ, ಕೆಂಚಮ್ಮನ ಶೇಂಗಾ ಹೊಲದ ಬೇಲಿಯಲ್ಲಿ, ಲಕ್ಕಿ ಗಿಡದ ಬುಡದಲ್ಲಿ ಮುಂಗಾರಿನ ಮೊದಲ ಮಳೆಗೆ ಮೊಳೆತೆ. ನಮ್ಮ ಕುಲ ಹುಟ್ಟುವುದೇ ಹೀಗೆ, ಯಾರೂ ಬಿತ್ತದೆ, ಬೇಲಿಯಲ್ಲೋ ಕುರುಚಲು ಕಾಡಿನ ಅಂಚಿನಲ್ಲೋ.

ಅದೇ ಜಾಗದಲ್ಲಿ ಕೆಂಚಮ್ಮನ ಹೊಸ ಸೊಸೆ ವನಜಾಕ್ಷಿ ಅವರೆಬೀಜ ಊರಿದ್ದಳು. ಪೇಟೆಯಲ್ಲಿ ಬೆಳೆದವಳು. ಆ ಬೀಜಗಳನ್ನು ಅಳಿಲು ಕೆದಕಿ ತಿಂದಾಗಿತ್ತು. ತೊಟ್ಟಿಗೆ ಮೂರೆಲೆ ಬಿಟ್ಟು ಮೇಲೆದ್ದ ನನ್ನನ್ನೇ ಅವಳು ಅವರೆ ಎಂದುಕೊಂಡಳು. ಅವರೆ ನನಗೆ ದಾಯಾದಿಯೇ, ಎಲೆ ನೋಡಿ ಮೋಸಹೋದದ್ದು ಅವಳ ತಪ್ಪಲ್ಲ. ಸೊಂಟದ ಮೇಲೆ ಬಿಂದಿಗೆ ಹೊತ್ತು ತಂದು ನೀರೆರೆದಳು, ಹಬ್ಬಲು ಕೋಲು ನೆಟ್ಟಳು. ನಮ್ಮ ವಂಶದಲ್ಲಿ ಯಾರೂ ಕಾಣದ ಆರೈಕೆ. ಗಾಢ ನೇರಳೆ ಹೂಗೊಂಚಲು ಇಳಿಬಿದ್ದಾಗ ಅವಳು ಹಿಗ್ಗಿ, ಮಂಡಿನೋವಿನಿಂದ ಮನೆ ಹಿಡಿದಿದ್ದ ಅತ್ತೆಗೆ, ಈ ಸಲ ನನ್ನ ಕೈಯ ಅವರೆಕಾಳಿನ ಸಾರು ಎಂದು ಹೇಳಿಕೊಂಡಿದ್ದಳಂತೆ. ಹೊಲದ ಕೆಲಸ ಬಾರದವಳು ಎಂಬ ಮಾತನ್ನು ಅಳಿಸುವ ಹಟ ಅವಳಿಗೆ.

ನನಗೋ ಒಂದೇ ದಿಗಿಲು. ಕಾಯಿ ಬಿಟ್ಟರೆ ಗುಟ್ಟು ರಟ್ಟು. ಬಿಟ್ಟೇಬಿಟ್ಟಿತು, ಕೊಂಡಿಯಂತೆ ಬಾಗಿದ ಕಾಯಿ, ಮೈತುಂಬ ಕಂದು ಸುಂಕು, ತಾಗಿದರೆ ತುರಿಕೆ ಹತ್ತಿಸುವ ಸಣ್ಣ ರೋಮ. ಹಳ್ಳಿಯ ಅವರೆ ಹೀಗೇ ಇರುತ್ತದೇನೋ ಎಂದು ವನಜಾಕ್ಷಿ ಬಲಿಯಲು ಬಿಟ್ಟಳು.

ಶೇಂಗಾ ಕೀಳುವ ಹಿಂದಿನ ದಿನ ಕೆಂಚಮ್ಮ ಕುಂಟುತ್ತಾ ಬಂದಳು. ಸೊಸೆ ಕಾಯಿಗೆ ಕೈ ಚಾಚಿದ್ದೇ ರಟ್ಟೆ ಹಿಡಿದೆಳೆದಳು.

"ಮುಟ್ಟಬ್ಯಾಡವ್ವ. ಅವರೆ ಅಲ್ಲ ಅದು, ನಸುಗುನ್ನಿ."

ಆಮೇಲೆ ಬಿದ್ದು ಬಿದ್ದು ನಕ್ಕಳು. ವನಜಾಕ್ಷಿ ಅತ್ತಳು. ಈಗ ಕಡಿದರೆ ಸುಂಕು ಗಾಳಿಗೆ ಹಾರುತ್ತದೆ, ನಾಳೆ ಬೆಳಗ್ಗೆ ಇಬ್ಬನಿಯಲ್ಲಿ ತೋಯ್ದಾಗ ಕಡಿದು ಹಾಕು ಎಂದಳು ಅತ್ತೆ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಂದೇ ಇಳಿಹೊತ್ತಿಗೆ ಗುಡ್ಡದಿಂದ ಕೋತಿಗಳು ಇಳಿದವು. ಪ್ರತಿ ವರ್ಷ ಅರ್ಧ ಶೇಂಗಾ ಅವುಗಳ ಪಾಲು. ಬೇಲಿ ಹಾರಲು ನನ್ನ ಮೇಲೆ ಕೈಯಿಟ್ಟದ್ದೇ ತಡ, ಮುಂದಿದ್ದ ಗಡವ ಕೋತಿ ಕೆರೆದುಕೊಳ್ಳತೊಡಗಿತು. ಹಿಂದಿನವೂ ಕೆರೆದುಕೊಂಡವು. ಎಲ್ಲವೂ ಗುಡ್ಡಕ್ಕೆ ಓಟ ಕಿತ್ತವು. ಬದುವಿನ ಮೇಲೆ ಕೂತಿದ್ದ ಕೆಂಚಮ್ಮ ಸೊಸೆಯತ್ತ ತಿರುಗಿದಳು.

"ಕಡೀಬ್ಯಾಡ ಬಿಡವ್ವ," ಎಂದಳು. "ಬೇಲಿ ಅಂದ್ರೆ ನೀನು ಹಾಕಿದ್ದು. ಇಷ್ಟು ವರ್ಷ ನಾನು ಹಾಕಿದ್ದು ಬೇಲಿನೇ ಅಲ್ಲ."

ಈಗ ಬೇಸಿಗೆ. ನಾನು ಒಂದೇ ವರ್ಷದ ಜೀವ, ಒಣಗಿ ಲಕ್ಕಿಗೆ ಜೋತುಬಿದ್ದಿದ್ದೇನೆ. ಆ ಬಿಂದಿಗೆ ನೀರಿನ ಋಣ ತೀರಿತೋ ಇಲ್ಲವೋ ತಿಳಿಯದು. ಮೊನ್ನೆ ವನಜಾಕ್ಷಿ ಕೈಗೆ ಗೋಣಿಚೀಲ ಸುತ್ತಿಕೊಂಡು ಬಂದು ನನ್ನ ಮಿರುಗುವ ಕರಿಬೀಜಗಳನ್ನು ಬಿಡಿಸಿ ಡಬ್ಬಿಗೆ ತುಂಬಿಕೊಂಡಳು. ಮಳೆ ಬಿದ್ದರೆ ಬೇಲಿಯುದ್ದಕ್ಕೂ ಊರುತ್ತಾಳಂತೆ, ಈ ಸಲ ನಸುಗುನ್ನಿ ಎಂದು ಗೊತ್ತಿದ್ದೇ.