ಹನ್ನೊಂದು ಐವತ್ತರ ರೈಲು

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅದು ಸುಳ್ಳು. ಅವಳ ಕೋಪ ನಲವತ್ತು ವರ್ಷದ ಆಳದಲ್ಲಿತ್ತು. ಮೂಗಿನ ತನಕ ಬಂದದ್ದು ಆ ಭಾನುವಾರ ಬೆಳಿಗ್ಗೆ, ತಮ್ಮನ ಮನೆಯ ಹಿಂಬದಿಯ ಕೋಣೆಯಲ್ಲಿ, ಕಂಪ್ಯೂಟರ್ ಪರದೆಯ ಮುಂದೆ.

ತಮ್ಮ ಆರು ವರ್ಷದಿಂದ ಒಂದು ರೈಲು ದಾರಿ ಕಟ್ಟುತ್ತಿದ್ದ. ನೆಲದ ಮೇಲಲ್ಲ, ಕುಳಿತಲ್ಲೇ ರೈಲು ಓಡಿಸುವ ಸಿಮ್ಯುಲೇಟರ್ ಆಟದೊಳಗೆ. ಅವನಿಗೆ ಮೂರು ವರ್ಷವಿದ್ದಾಗಲೇ ಮುಚ್ಚಿಹೋದ ದಾರಿ ಅದು. ಮೂವತ್ತೆಂಟು ಕಿಲೋಮೀಟರು, ಐದು ನಿಲ್ದಾಣ, ಹದಿನಾಲ್ಕು ಗೇಟು. ಅಪ್ಪ ಕಾವಲುಗಾರನಾಗಿದ್ದ ಹನ್ನೊಂದನೆಯ ಗೇಟಿನ ಪಕ್ಕದ ಒಂಟಿ ಕೋಣೆಯ ಮನೆಯಲ್ಲೇ ಅಕ್ಕ ತಮ್ಮ ಇಬ್ಬರೂ ಹುಟ್ಟಿದ್ದು. ಹಳಿ ಕಿತ್ತ ಜಾಗದಲ್ಲಿ ಈಗ ಗೋದಾಮುಗಳು, ಕಾರು ತೊಳೆಯುವ ಅಂಗಡಿಗಳು. ತಮ್ಮ ಅಲ್ಲೆಲ್ಲ ನಡೆದ, ಮೋರಿಯ ಕೆಳಗೆ ತೂರಿ ಇಟ್ಟಿಗೆ ಎಣಿಸಿದ, ನಿವೃತ್ತ ಚಾಲಕರ ಹೊಸ್ತಿಲು ಸವೆಸಿದ. ದರ್ಜಿಯಾಗಿದ್ದ ಅಕ್ಕನನ್ನೂ ಬಿಡಲಿಲ್ಲ. ಅವಳ ಅಳತೆ ಟೇಪು ಹಿಡಿದು ಇಬ್ಬರೂ ಮುಳ್ಳುಪೊದೆಯೊಳಗೆ ಉಳಿದಿದ್ದ ಗೇಟಿನ ಕಂಬ ಅಳೆದು ಬಂದಿದ್ದರು. "ದಾಖಲೆ ಇಲ್ದೆ ನಾನು ಒಂದು ಮೊಳೇನೂ ಹೊಡೆಯಲ್ಲ" ಎನ್ನುವುದು ಅವನ ಜಂಬ. ಅಕ್ಕ ಅವನಿಗೆ ಇಟ್ಟ ಹೆಸರು ದಾಖಲೆರಾಯ.

ಆ ದಾರಿ ಮರುದಿನ ಎಲ್ಲರ ಕೈಗೆ ಸಿಗುವುದಿತ್ತು. ನಾಲ್ಕು ಸಾವಿರ ಜನ ಕಾಯುತ್ತಿದ್ದರಂತೆ. ಅದಕ್ಕೆ ಮೊದಲು ಅಮ್ಮನಿಗೆ ತೋರಿಸಬೇಕೆಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಅಕ್ಕನನ್ನೂ ಕರೆಸಿದ್ದ.

"ನೋಡಿ, ಗೇಟು ಮುಚ್ಚದೆ ಸಿಗ್ನಲ್ ಹಸಿರಾಗಲ್ಲ. ಗೇಟಲ್ಲಿರೋ ಮನುಷ್ಯ ಚಕ್ರ ತಿರುಗಿಸದೆ ಗೇಟು ಮುಚ್ಚಲ್ಲ. ಆಗ ಹೇಗಿತ್ತೋ ಹಾಗೇ. ದಿನ ಯಾವ್ದು ಗೊತ್ತಾ? ನಾನು ಹುಟ್ಟಿದ ದಿನ!"

ಪರದೆಯಲ್ಲಿ ರೈಲು ತಿರುವು ದಾಟಿತು. ಹನ್ನೊಂದನೆಯ ಗೇಟು ಬಂತು. ಕಂಬ ಸರಿ, ಗಡಿಗೆಯಿಟ್ಟ ಕಟ್ಟೆ ಸರಿ, ಮನೆಯ ಸೀಳು ಬಿಟ್ಟ ಬಾಗಿಲೂ ಸರಿ. ಚಕ್ರದ ಪಕ್ಕದಲ್ಲಿ ಸಮವಸ್ತ್ರ ತೊಟ್ಟು, ಮೀಸೆ ತಿರುವಿ, ಹಸಿರು ಬಾವುಟ ಹಿಡಿದು ಒಬ್ಬ ಗಂಡಸು ನಿಂತಿದ್ದ.

ಅಮ್ಮ ಪೊರೆ ಬಂದ ಕಣ್ಣು ಕಿರಿದು ಮಾಡಿದಳು. "ಯಾರೋ ಅದು?"

"ಅಪ್ಪ ಕಣಮ್ಮ! ಫೋಟೊ ನೋಡಿ ಮುಖ ಕೂರಿಸಿದ್ದೀನಿ."

"ಅಯ್ಯೋ, ಇವ್ರು ಎದ್ದುಬಿಟ್ರಾ?" ಎಂದಳು ಅಮ್ಮ.

ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಅಕ್ಕ ನಗಲಿಲ್ಲ. ಅವಳ ಪಿತ್ತ ನೆತ್ತಿಗೇರಿತ್ತು.

"ತೆಗಿ ಅವನನ್ನ" ಎಂದಳು.

"ಏನು?"

"ಆ ಮೀಸೆ ತೆಗಿ ಅಲ್ಲಿಂದ. ಹತ್ತೊಂಬತ್ತು ವರ್ಷ ಆ ಚಕ್ರ ತಿರುಗಿಸಿದ್ದು ಇಲ್ಲಿ ಕೂತಿದ್ದಾಳಲ್ಲ, ಇವಳು. ಅಪ್ಪ ಮರದ ಕೆಳಗೆ ಇಸ್ಪೀಟು ಹಾಕ್ತಿದ್ದ, ಇಲ್ಲಾಂದ್ರೆ ಗೊರಕೆ ಹೊಡೀತಿದ್ದ. ಆ ಸಮವಸ್ತ್ರ ಗೇಟಿನ ಹತ್ರ ಹೋಗಿದ್ದು ಒಗೆದು ಒಣಹಾಕಿದಾಗ ಮಾತ್ರ!"

"ಅಮ್ಮ ಸಹಾಯ ಮಾಡ್ತಿದ್ಳು ಅಂತ ನಂಗೂ ಗೊತ್ತು ಅಕ್ಕ..."

ಸಹಾಯ! ಆ ಒಂದು ಮಾತಿಗೆ ಅಕ್ಕನ ಮೈಯೆಲ್ಲ ಉರಿದುಹೋಯಿತು. ಜಡಿಮಳೆಯಲ್ಲಿ, ಜ್ವರದಲ್ಲಿ, ಸೊಂಟದಲ್ಲೊಂದು ಕೂಸು ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಓಡಿದವಳದು ಸಹಾಯವಂತೆ. ದುಡಿದವರು ಒಬ್ಬರು, ಹೆಸರು ಹೊತ್ತವರು ಇನ್ನೊಬ್ಬರು. ಸತ್ತು ಮಣ್ಣಾದ ಮೇಲೂ ಆ ಮನುಷ್ಯ ಬಂದು ಅಮ್ಮನ ಜಾಗದಲ್ಲಿ ಮೀಸೆ ತಿರುವಿಕೊಂಡು ನಿಂತಿದ್ದಾನೆ, ನಾಳೆ ನಾಲ್ಕು ಸಾವಿರ ಜನ ಅವನಿಗೆ ಸೀಟಿ ಹೊಡೆಯುತ್ತಾರೆ.

"ನಾನು ದಾಖಲೆ ನೋಡಿ ಮಾಡಿದ್ದು" ಎಂದ ತಮ್ಮ, ಅವನಿಗೂ ಸ್ವಲ್ಪ ಬಿಸಿಯೇರಿತ್ತು. "ಗುಜರಿ ಅಂಗಡೀಲಿ ಗೇಟಿನ ರಿಜಿಸ್ಟರ್ ಸಿಕ್ತು. ಪ್ರತಿ ರೈಲಿಗೂ ಅಪ್ಪನ ಸಹಿ ಇದೆ. ಬೇಕಾದ್ರೆ ನೋಡು."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ? ಆಯ್ತು, ತಾ. ನೋಡೇಬಿಡೋಣ."

ಅವನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಹಳದಿ ಪುಸ್ತಕ ತಂದು, ತಾನು ಹುಟ್ಟಿದ ದಿನದ ಹಾಳೆ ತೆರೆದ. ಆರು ನಲವತ್ತು, ಸಹಿ. ಒಂಬತ್ತು ಹದಿನೈದು, ಸಹಿ. ಹನ್ನೊಂದು ಐವತ್ತರ ಸಾಲು ಖಾಲಿ. ನಾಲ್ಕು ಇಪ್ಪತ್ತೈದು, ಸಹಿ. ಅಕ್ಷರಗಳೆಲ್ಲ ಗಾಳಿಗೆ ಬಾಗಿದ ಪೈರಿನ ಹಾಗೆ ಎಡಕ್ಕೆ ವಾಲಿದ್ದವು.

"ಅಪ್ಪನ ಹೆಸರು ತಾನೆ?"

"ಹೆಸರು ಅಪ್ಪಂದು. ಕೈ ಯಾರದು? ಎಡಗೈಲಿ ಬರೆಯೋರು ನಮ್ಮನೇಲಿ ಯಾರು?"

ತಮ್ಮ ಅಮ್ಮನ ಕಡೆ ನೋಡಿದ. ಅಮ್ಮ ಎಡಗೈಯಿಂದ ಕಣ್ಣಿನ ನೀರು ಒರೆಸಿಕೊಳ್ಳುತ್ತಿದ್ದಳು. ಅದು ಅಳುವಲ್ಲ, ಪೊರೆ ಬಂದಾಗಿನಿಂದ ಸುರಿಯುವ ನೀರು.

"ಅದಿರ್ಲಿ. ಈ ಖಾಲಿ ಸಾಲಿಗೆ ಏನು ಮಾಡಿದ್ದೀಯ?" ಅಕ್ಕ ಬಿಡಲಿಲ್ಲ.

"ಅವತ್ತು ಆ ರೈಲು ರದ್ದಾಗಿತ್ತು. ಹಾಗೇ ಹಾಕಿದ್ದೀನಿ. ಎಲ್ಲರಿಗೂ ಹೇಳ್ತೀನಲ್ಲ, ನಾನು ಹುಟ್ಟಿದ ದಿನ ರೈಲೇ ನಿಂತುಹೋಗಿತ್ತು ಅಂತ."

"ರದ್ದಾಗಿತ್ತೇನಮ್ಮ?" ಎಂದು ಅಕ್ಕ ಅಮ್ಮನನ್ನು ಕೇಳಿದಳು. ಅವಳ ದನಿ ಈಗ ಸಣ್ಣದಾಗಿತ್ತು, ಅದು ಇನ್ನೂ ಅಪಾಯ.

"ಯಾಕೆ ರದ್ದಾಗತ್ತೆ? ಸರಿಯಾದ ಹೊತ್ತಿಗೇ ಬಂತು" ಎಂದಳು ಅಮ್ಮ. "ನೀನು ಅರ್ಧ ಹೊರಗೆ, ಅರ್ಧ ಒಳಗೆ. ನಾನು ಹ್ಯಾಗೋ ಏಳೋದು? ಇವಳಿಗೆ ಹೇಳ್ದೆ, ಹೋಗಿ ಗೇಟು ಹಾಕೇ ಅಂತ. ಹನ್ನೊಂದು ವರ್ಷದವಳು, ಚಕ್ರಕ್ಕೆ ಜೋತು ಬಿದ್ದು ತಿರುಗಿಸಿದ್ಳು. ಬಾವುಟಾನೂ ತೋರಿಸಿದ್ಳಂತೆ. ಇವ್ರ ಸಹಿ ಮಾಡೋಕೆ ಬರ್ತಿರ್ಲಿಲ್ಲ, ಪಾಪ."

ಆ ಹಾಳೆಯನ್ನು ತಮ್ಮ ನೂರು ಸಲ ನೋಡಿದ್ದ, ಭೂತಗನ್ನಡಿ ಹಿಡಿದೂ ನೋಡಿದ್ದ. ಅವನು ಇಂಗು ತಿಂದ ಮಂಗನ ಹಾಗೆ ಕೂತ.

"ನಂಗೆ ಯಾರೂ ಹೇಳ್ಲಿಲ್ಲ" ಎಂದ.

"ನೂರು ಮೈಲಿ ದೂರದ ಚಾಲಕನ್ನ ಹುಡುಕ್ಕೊಂಡು ಹೋಗಿ ಕೇಳಿದೆ. ಪಕ್ಕದ ಕೋಣೇಲಿರೋ ಇವಳನ್ನ ಒಂದು ಸಲ ಕೇಳಿದ್ಯಾ?"

ತಮ್ಮ ರಿಜಿಸ್ಟರನ್ನು ಮತ್ತೆ ಪ್ಲಾಸ್ಟಿಕ್ ಹೊದಿಕೆಗೆ ಸೇರಿಸಿದ. "ಈ ಆಟದಲ್ಲಿ ಗೇಟಿಗೆ ಹೆಂಗಸಿನ ಬೊಂಬೆಯೇ ಇಲ್ಲ ಅಕ್ಕ. ಹೊಸದಾಗಿ ಮಾಡೋಕೆ ಎರಡು ವಾರ ಬೇಕು. ನಾಳೆಗೆ ಅಂತ ಹೇಳಿಬಿಟ್ಟಿದ್ದೀನಿ. ಮುಂದಿನ ಸಲ ಸರಿ ಮಾಡ್ತೀನಿ" ಎಂದ.

"ಮುಂದಿನ ಸಲ! ಇವಳ ಕಣ್ಣು ನಿನ್ನ ಮುಂದಿನ ಸಲಕ್ಕೆ ಕಾಯತ್ತಾ? ತೆಗಿ ಅವನನ್ನ. ಈಗಲೇ. ಯಾರೂ ಇಲ್ದಿದ್ರೂ ಪರವಾಗಿಲ್ಲ, ಅವನು ಬೇಡ."

ತಮ್ಮ ಹಲ್ಲು ಕಚ್ಚಿ ಒಂದು ಗುಂಡಿ ಒತ್ತಿದ. ಮೀಸೆ, ಸಮವಸ್ತ್ರ, ಬಾವುಟ ಎಲ್ಲ ಮಾಯವಾದವು. ಆಮೇಲೆ ಇನ್ನೇನೋ ಒತ್ತಿದ. ಪರದೆಯ ಮೂಲೆಯ ಗಡಿಯಾರ ಹನ್ನೊಂದು ನಲವತ್ತೆಂಟಕ್ಕೆ ಹೋಯಿತು, ರದ್ದಾಗಿದ್ದ ರೈಲು ತಿರುವಿನಲ್ಲಿ ಕಾಣಿಸಿತು. ಚಕ್ರದ ಹತ್ತಿರ ಯಾರೂ ಇರಲಿಲ್ಲ. ಗೇಟು ತೆರೆದೇ ಇತ್ತು, ಸಿಗ್ನಲ್ ಕೆಂಪಾಗಿಯೇ ಇತ್ತು. ರೈಲು ಬಂದು ನಿಂತಿತು, ಉದ್ದಕ್ಕೆ ಸೀಟಿ ಹಾಕಿತು. ಮತ್ತೊಮ್ಮೆ ಹಾಕಿತು.

ಕುರ್ಚಿ ಕಿರ್ರೆಂದಿತು. ಅಮ್ಮ ಎರಡೂ ಕೈ ಊರಿ ಎದ್ದು ನಿಂತಿದ್ದಳು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

"ಬಂದೆ, ಬಂದೆ" ಎಂದಳು. "ಗೇಟಲ್ಲಿ ಯಾರೂ ಇಲ್ವೇನ್ರೇ?"

ತಮ್ಮ ಸೀಟಿಯನ್ನು ನಿಲ್ಲಿಸಿದ. ಕೀಬೋರ್ಡು ಎಳೆದುಕೊಂಡು ನಾಲ್ಕು ಸಾವಿರ ಜನಕ್ಕೆ ಎರಡು ವಾರ ಕಾಯಿರಿ ಎಂದು ಬರೆದ.

ಅಕ್ಕನ ಸಿಟ್ಟು ಇಳಿದಿರಲಿಲ್ಲ. ಅವಳು ಕೊರಳಲ್ಲಿದ್ದ ಟೇಪು ತೆಗೆದು, ಅಮ್ಮ ನಿಂತಿರುವಾಗಲೇ ನೆತ್ತಿಯಿಂದ ಹಿಮ್ಮಡಿಯವರೆಗೆ ಇಳಿಬಿಟ್ಟು ಅಳೆದಳು. "ಆಗ ಇದಕ್ಕಿಂತ ಎರಡು ಇಂಚು ಎತ್ತರ ಇದ್ಳು. ಬರ್ಕೋ."

ಅವನು ಬರೆದುಕೊಂಡ. ಪೆನ್ನು ಕೆಳಗಿಡದೆ, ಅವಳ ಮುಖ ನೋಡದೆ ಕೇಳಿದ. "ಹನ್ನೊಂದು ಐವತ್ತಕ್ಕೆ... ನೀನು ಎಷ್ಟು ಎತ್ತರ ಇದ್ದೆ?"

ಅದನ್ನು ಯಾರಾದರೂ ಕೇಳಬಹುದೆಂದು ಅಕ್ಕ ಎಣಿಸಿರಲಿಲ್ಲ. ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಚಕ್ರಕ್ಕಿಂತ ಒಂದು ಗೇಣು ಗಿಡ್ಡ" ಎಂದಳು. "ಸರಿಯಾಗಿ ಹಾಕು."